ನಾಲ್ಕರ ತನಕ ಮೌನ

"ನಾಲ್ಕರ ತನಕ ಸತ್ತಂಗ ಇರತೈತ್ರಿ ಇದು," ಎಂದ ಕಾಡಸಿದ್ದ, ತನ್ನ ಗಿಟಾರಿನ ಹಳೇ ವಾಲ್ವ್ ಆಂಪ್ಲಿಫೈಯರಿನ ದನಿ ಏರಿಸುವ ಗುಂಡಿಯನ್ನು ನಾಲ್ಕರತ್ತ ತಿರುಗಿಸುತ್ತ. "ಅದಕ್ಕ ಏರಸ್ತೇನಿ. ಏರಿಸಿದ್ರ ರತ್ನಮಾಲಾಬಾಯಿ ಬೈತಾರ, ನನ್ನ ದನಿ ನುಂಗಾಕತ್ತಿ ಅಂತ."

ಸಂಜೆ ಗಾಯಕಿ ರತ್ನಮಾಲಾಬಾಯಿಯ ವಾದ್ಯವೃಂದ ಸೇರಲು ಅವನಿಗೆ ಕೊನೆಯ ಪರೀಕ್ಷೆ. ಗೆದ್ದರೆ ಇಚಲಕರಂಜಿಯ ವಿದ್ಯುತ್ ಮಗ್ಗದ ಕೆಲಸ ಬಿಡಬಹುದು. ವರ್ಷಗಟ್ಟಲೆ ಆ ಸದ್ದಿನಲ್ಲೇ ನಿಂತಿದ್ದ.

ಕೊಲ್ಹಾಪುರದ ರೇಡಿಯೋ ರಿಪೇರಿಯ ಜಿನಪಾಲ ಪೆಟ್ಟಿಗೆಯ ಬೆನ್ನು ಬಿಚ್ಚಿದ. "ಗುಂಡಿ ಹಿಂದಿನ ಪಾಟ್ ಚಲೋ ಐತಲ್ಲೋ ಮಾರಾಯಾ. ಲಾಗ್ ಪಾಟ್ ಇದು. ಮೊದಲ ಸಾವಕಾಶ ಏರತೈತಿ, ಆಮ್ಯಾಲೆ ಜೋರ. ಮನಷ್ಯಾನ ಕಿವಿ ಕೇಳೂದ ಹಂಗ."

"ಬ್ಯಾರೆ ಹಾಕ್ರಿ."

ಜಿನಪಾಲ ಗೊಣಗುತ್ತ ಲೀನಿಯರ್ ಪಾಟ್ ಬೆಸೆದ. ಅದು ತಿರುಗಿಸಿದಷ್ಟೇ, ಸಮಸಮನಾಗಿ ಏರುವಂಥದ್ದು. ಕಾಡಸಿದ್ದ ತಂತಿ ಮೀಟಿ ಗುಂಡಿಯನ್ನು ಒಂದಕ್ಕೆ ತಂದ. ಕೇಳಿಸಿತು! ಮೆಲ್ಲಗೆ, ಬೇಕಾದಷ್ಟೇ.

ಬಾಗಿಲ ಬಳಿ ಕೂತಿದ್ದ ಅವನ ಹೆಂಡತಿ ಗೌರವ್ವ ಎರಡೂ ಕಿವಿ ಮುಚ್ಚಿಕೊಂಡಳು.

"ಯಾಕ?" ಎಂದ ಕಾಡಸಿದ್ದ.

"ಯಾಕ ಅಂತಾರಪಾ! ಕಟ್ಟೀಮ್ಯಾಲಿನ ನಾಯಿ ಎದ್ದು ಓಡೇತಿ, ನೋಡ್ರಿ."

ಜಿನಪಾಲ ನಗಲಿಲ್ಲ. ಹಳೇ ಪಾಟನ್ನೇ ಮತ್ತೆ ಕೂರಿಸಿ, ಗೌರವ್ವನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದ. "ಕೇಳಿಸಿದ ಕೂಡಲೆ ಕೈ ಎತ್ತವಾ."

ಕಾಡಸಿದ್ದ ಮೀಟುತ್ತಿದ್ದ, ಜಿನಪಾಲ ಗುಂಡಿ ಏರಿಸುತ್ತ ಹೋದ. ಗುಂಡಿ ಒಂದನ್ನು ಮುಟ್ಟುವ ಮೊದಲೇ ಅವಳ ಕೈ ಮೇಲೆದ್ದಿತು. ಅವನಿಗೆ ಏನೂ ಕೇಳಿಸಿರಲಿಲ್ಲ. ಎರಡು. ಮೂರು. ಕೈ ಮೇಲೆಯೇ ಇತ್ತು.

ಜಿನಪಾಲ ಕ್ಷಣ ಬೆನ್ನು ತಿರುಗಿಸಿ ನಿಂತು, ಮತ್ತೆ ಕಾಡಸಿದ್ದನ ಕಡೆ ನೋಡಿದ. "ನಾ ಈಗ ಏನಂದೆ?"

"ನೀವು ಮಾತಾಡಿದ್ರೇನು?"

ಮಗ್ಗದ ಗದ್ದಲದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಆ ರೂಢಿ ತನ್ನ ಜೊತೆ ಮನೆಗೂ ಬಂದಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ರತ್ನಮಾಲಾಬಾಯಿಗೆ ಗೊತ್ತಾತಂದ್ರ ಮುಗೀತು," ಎಂದ.

"ನಾ ಮುಂದ ಕುಂದರತೇನಿ," ಎಂದಳು ಗೌರವ್ವ. "ಜೋರಾದ್ರ ಅಂಗೈ ಕೆಳಗ ಮಾಡತೇನಿ. ಮಗ್ಗದಾಗ ಸಾವಕಾಶ ಅನ್ನಾಕ ನೀವು ಮಾಡತೀರಲ್ಲ, ಹಂಗ."

ಸಂಜೆ ರತ್ನಮಾಲಾಬಾಯಿ ಹಾಡತೊಡಗಿದಳು. ಗುಂಡಿ ಮೂರರಲ್ಲಿತ್ತು. ಗೌರವ್ವನ ಅಂಗೈ ಕೆಳಗಾಯಿತು. ಎರಡಕ್ಕೆ ಇಳಿಸಿದ. ಇನ್ನೂ ಕೆಳಗೆ. ಒಂದೂವರೆ. ಅಂಗೈ ನಿಂತಿತು. ಬೆರಳಡಿ ತಂತಿ ನಡುಗುತ್ತಿದೆ ಎಂಬುದಷ್ಟೇ ಅವನಿಗೆ ಗೊತ್ತು. ಗಾಯಕಿಯ ತುಟಿಗಳನ್ನು ಹಿಂಬಾಲಿಸುತ್ತ, ತನಗೇ ಕೇಳದ ಹಾಡನ್ನು ಕೊನೆಯತನಕ ನುಡಿಸಿದ.

ರತ್ನಮಾಲಾಬಾಯಿ ತಲೆದೂಗಿದಳು. ಆಮೇಲೆ ನೀರಿನ ಲೋಟಕ್ಕೆಂದು ಅತ್ತ ತಿರುಗಿದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ತಬಲಾದವನು, ಹಾರ್ಮೋನಿಯಂನವನು, ಎಲ್ಲರೂ ಕಾಡಸಿದ್ದನನ್ನೇ ನೋಡುತ್ತ ಕಾದರು. ಅವಳೇನೋ ಕೇಳಿರಬೇಕು.

ಅವನು ಗೌರವ್ವನ ಕಡೆ ನೋಡಿದ. ಹೂಂ ಅನ್ರಿ, ಎಂದವು ಅವಳ ತುಟಿಗಳು.

"ಹೂಂ," ಎಂದ. ಎಷ್ಟು ಜೋರಾಗಿ ಅಂದೆನೆಂಬುದು ಅವನಿಗೆ ತಿಳಿಯಲಿಲ್ಲ.