ಮೊಳೆಗೆ ನೇತುಹಾಕಿದ ಪೈಪು

ಆಪರೇಷನ್ ಥಿಯೇಟರಿನ ನರ್ಸ್ ಆ ಸಂಜೆಯೂ ತಲೆ ಹಿಡಿದುಕೊಂಡು, ತೂಕಡಿಸುತ್ತಲೇ ಮನೆಗೆ ಬಂದಳು. ನಾಲ್ಕು ತಿಂಗಳ ಬಸುರಿ.

"ಥಿಯೇಟರ್ ನಿದ್ದೆ ಕಣೇ ಅದು," ಅಂದರು ಅತ್ತೆ. ಅದೇ ಥಿಯೇಟರಿನಲ್ಲಿ ಇಪ್ಪತ್ತು ವರ್ಷ ನೆಲ ಒರೆಸಿ ನಿವೃತ್ತರಾದವರು. "ನಮಗೂ ಬರ್ತಿತ್ತು. ಮಲಗಿ ಎದ್ರೆ ಹೋಗುತ್ತೆ."

ಏಣಿ ವಾಪಸ್ ಕೊಡಲು ಬಂದಿದ್ದ ಪಕ್ಕದ ಮನೆಯ ಸ್ಪ್ಯಾನರಣ್ಣ ಬಾಗಿಲಲ್ಲೇ ನಿಂತ. ಆಸ್ಪತ್ರೆಗಳ ಯಂತ್ರ ರಿಪೇರಿ ಅವನ ಕೆಲಸ.

"ಮುದ್ದು ಹೆಸರು ಬೇರೆ ಇಟ್ಟಿದ್ದೀರಾ! ನಿದ್ದೆಯಲ್ಲಮ್ಮ, ಗ್ಯಾಸು. ರೋಗಿಗೆ ಪ್ರಜ್ಞೆ ತಪ್ಪಿಸೋಕೆ ಕೊಡೋ ಅರಿವಳಿಕೆ ಗ್ಯಾಸು. ರೋಗಿಗೆ ಒಂದು ದಿನ, ಇವಳಿಗೆ ದಿನಾ."

"ಮಾಸ್ಕ್ ಹಾಕ್ಕೊಂಡಿರ್ತೀನಲ್ಲ ಅಣ್ಣ?"

"ಆ ಮಾಸ್ಕ್‌ಗೆ ಗ್ಯಾಸ್ ನಿಲ್ಲುತ್ತಾ? ಸೊಳ್ಳೆ ತಡೆಯೋಕೆ ಕಿಟಕಿ ಕಂಬಿ ಸಾಕು ಅಂದ ಹಾಗಾಯ್ತು."

"ವಾಸನೇನೂ ಬರಲ್ಲ."

"ವಾಸನೆ ಬರೋ ಹೊತ್ತಿಗೆ ಮಿತಿ ದಾಟಿರುತ್ತೆ. ಗ್ಯಾಸ್ ಕೊಡೋ ಮೆಷಿನ್ ಹಿಂದೆ ದಪ್ಪ ಪೈಪ್ ಇರಬೇಕು, ಉಳಿದ ಗ್ಯಾಸನ್ನ ಹೊರಗೆ ಎಳೆಯೋದು. ಇದೆಯಾ?"

ಸೊಸೆ ಯೋಚಿಸಿದಳು. "ಗೋಡೆಯ ಮೊಳೇಲಿ ಒಂದು ನೇತಾಡ್ತಿದೆ. ಹಳೇ ಮೆಷಿನ್‌ದು ಅಂತಾರೆ."

ಅತ್ತೆಯ ಕೈಲಿದ್ದ ಲೋಟ ಮೇಜಿಗೆ ಬಡಿಯಿತು.

"ಹಳೇದಲ್ಲ. ಒರೆಸೋಕೆ ಅಡ್ಡ ಅಂತ ನಾನೇ ಮೊಳೆ ಹೊಡೆದು ಸುತ್ತಿ ಹಾಕಿದ್ದೆ. 'ಜಾಣೆ' ಅಂದ್ರು ಡಾಕ್ಟರು! ಮೆಷಿನ್ ಒರೆಸೋದು ಹೇಗೆ ಅಂತ ಮೂರು ದಿನ ಹೇಳಿಕೊಟ್ರು. ಪೈಪ್ ಯಾಕಿದೆ ಅಂತ ಹೇಳೋಕೆ ಬಾಯಿ ಬಿದ್ದುಹೋಗಿತ್ತಾ? ನನ್ನ ಎರಡು ಬಸಿರು ನಿಲ್ಲಲಿಲ್ಲ..."

"ಅದು ಗ್ಯಾಸಿಂದಲೇ ಅಂತ ಹೇಳೋಕಾಗಲ್ಲಮ್ಮ. ಆದ್ರೆ ಬಸುರಿಯರು ಅದರಿಂದ ದೂರ ಇರಬೇಕು."

"ಹೇಳೋಕಾಗಲ್ಲ, ಸರಿ. ಕೇಳೋಕಾಗುತ್ತಲ್ಲ?"

ಮರುದಿನ ಬೆಳಿಗ್ಗೆ ಅತ್ತೆ ಸೊಸೆಯ ಕೈ ಹಿಡಿದು ಆಸ್ಪತ್ರೆಯ ಮೇಲ್ವಿಚಾರಕರ ಮುಂದೆ ನಿಂತರು.

"ಏನಜ್ಜಿ, ಮತ್ತೆ ಕೆಲಸಕ್ಕೆ ಬಂದ್ರಾ?" ಅವರು ನಕ್ಕರು.

"ಹೌದು ಸಾರ್. ನಾನು ಹೊಡೆದ ಮೊಳೆ, ನಾನೇ ಕೀಳೋಕೆ ಬಂದೆ. ಪೈಪ್ ಮೆಷಿನ್‌ಗೆ ಸೇರೋವರೆಗೂ ಬಸುರಿ ಇವಳು ಒಳಗೆ ಕಾಲಿಡಲ್ಲ."

ಮೇಲ್ವಿಚಾರಕರು ಎದ್ದು ಥಿಯೇಟರಿಗೆ ಹೋಗಿ ಮೊಳೆಯನ್ನು ಕಣ್ಣಾರೆ ನೋಡಿದರು. ಮಧ್ಯಾಹ್ನದೊಳಗೆ ಪೈಪು ಜೋಡಣೆಯಾಯಿತು, ಸೋರಿಕೆಯ ತಪಾಸಣೆಯೂ ಆಯಿತು. ಹೆರಿಗೆಯವರೆಗೆ ಸೊಸೆಯನ್ನು ವಾರ್ಡಿಗೆ ಹಾಕಿದರು. ಇಷ್ಟು ಸುಲಭದ ಕೆಲಸಕ್ಕೆ ಅಷ್ಟು ವರ್ಷ ಬೇಕಾಯಿತು!

ಥಿಯೇಟರಿನಲ್ಲಿ ದುಡಿಯುವವರೇ, ನೀವು ನರ್ಸ್ ಆಗಿರಲಿ, ನೆಲ ಒರೆಸುವವರಾಗಿರಲಿ, ನಾಳೆ ಮೊದಲ ರೋಗಿ ಬರುವ ಮುನ್ನ ಅರಿವಳಿಕೆ ಯಂತ್ರದ ಹಿಂದೆ ಬಗ್ಗಿ ನೋಡಿ. ಪೈಪು ಯಂತ್ರದಲ್ಲಿದೆಯೇ, ಮೊಳೆಯಲ್ಲಿದೆಯೇ? ಮೊಳೆಯಲ್ಲಿದ್ದರೆ ಕೇಳಿ, ಬರೆದು ಕೊಡಿ, ಉತ್ತರ ಬರುವವರೆಗೆ ಬಿಡಬೇಡಿ. ಬಸುರಿಯಾಗಿದ್ದರೆ ತಿಳಿದ ದಿನವೇ ಮೇಲಿನವರಿಗೆ ಹೇಳಿ. ರೋಗಿಯ ನಿದ್ದೆಯನ್ನು ಮನೆಗೆ ಹೊತ್ತು ತರುವುದು ನಿಮ್ಮ ಕೆಲಸವಲ್ಲ.