ಸೊಂಡಿಲಿಯ ಬಟ್ಟಲು

ಪ್ರಾಣಿಸಂಗ್ರಹಾಲಯದಲ್ಲಿ ಎಲ್ಲರಿಗೂ ಅವನು ಆಮೆಯಣ್ಣ. ಅವನು ಸಾಕುವ ದೊಡ್ಡ ಆಮೆ ಅವನ ತಾತನಿಗಿಂತ ಹಿರಿದು. ವಾರಗಟ್ಟಲೆ ಉಪವಾಸ ಕೆಡವಿದರೂ ಕಣ್ಣು ಪಿಳುಕಿಸದು. ಮಗಳ ಹೆರಿಗೆಗೆಂದು ಹೊರಟ, ಇಲಿಗಳನ್ನು ನೋಡಿಕೊಳ್ಳುವ ಇಲಿಯಕ್ಕ ಬೆಳಿಗ್ಗೆ ತನ್ನ ಕೋಣೆಯ ಬೀಗದಕೈ ಕೊಟ್ಟದ್ದು ಇಂಥವನ ಕೈಗೆ.

ಗಾಜಿನ ಪೆಟ್ಟಿಗೆಯಲ್ಲಿ ಹೆಬ್ಬೆರಳಿನಷ್ಟಿದ್ದ ಸೊಂಡಿಲಿಯೊಂದು ಐದು ಮರಿ ಹಾಕಿತ್ತು.

“ನೋಡು ತಮ್ಮಾ, ಇವಳ ಬಟ್ಟಲು ಮಾತ್ರ ಬರಿದಾಗಬಾರ್ದು. ಇಷ್ಟು ಚಿಕ್ಕ ಮೈಯಲ್ಲಿ ಬಿಸಿ ನಿಲ್ಲಲ್ಲ. ಒಲೆಗೆ ಸೌದೆ ಹಾಕಿದ ಹಾಗೆ ಗಂಟೆಗಂಟೆಗೂ ತಿಂತಾನೇ ಇರಬೇಕು. ಇವಳ ಆಯಸ್ಸೇ ಒಂದೂವರೆ ವರ್ಷ. ಅಷ್ಟರಲ್ಲೇ ಬೆಳೀಬೇಕು, ಹೆರಬೇಕು, ಹೋಗಬೇಕು.”

“ಅಬ್ಬಬ್ಬಾ, ಏನವಸರ! ನಮ್ಮ ಆಮೆಮ್ಮ ಮೊದಲನೇ ಮೊಟ್ಟೆ ಇಡೋಕೇ ಇಪ್ಪತ್ತು ವರ್ಷ ತಗೊಂಡ್ಲು. ನೀನು ಹೋಗಿ ಬಾರಕ್ಕಾ, ನಾನಿಲ್ವಾ?”

ಅಕ್ಕ ಹೋದ ಮೇಲೆ ಬಟ್ಟಲಿಗೆ ಹುಳು ತುಂಬಿಸಿದ. ತಾಯಿ ಗಬಗಬ ತಿಂದು ಮಲಗಿತು. ಬಟ್ಟಲಲ್ಲಿ ಅರ್ಧ ಉಳಿದಿತ್ತು. ಆಮೆಮನೆಯಲ್ಲಿ ಉಳಿದದ್ದನ್ನು ಬಿಟ್ಟರೆ ಕೊಳೆತು ರೋಗ ಬರುತ್ತದೆ. ತಿಂದಾದೊಡನೆ ಎತ್ತಿಬಿಡುವುದು ಅವನ ಕೈಗೆ ಅಂಟಿದ ರೂಢಿ. ಎತ್ತಿದ. ಬಟ್ಟಲನ್ನು ಫಳಫಳ ತೊಳೆದು ಬೋರಲು ಹಾಕಿ, ಆಮೆಯ ತೊಟ್ಟಿ ಉಜ್ಜಲು ಹೋದ.

ಮಧ್ಯಾಹ್ನ ಕಳೆದು ಬಂದರೆ ತಾಯಿ ಮೂಲೆಯಲ್ಲಿ ತಣ್ಣಗೆ ಬಿದ್ದಿತ್ತು. ಮರಿಗಳು ಅದರ ಹೊಟ್ಟೆಗೆ ಮೂತಿ ಒತ್ತಿಕೊಂಡೇ ಇದ್ದವು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ತಮ್ಮಾ, ಮೊಮ್ಮಗಳು ಕಣೋ! ತಾಯಿ ಮಗು ಇಬ್ರೂ ಗಟ್ಟಿಯಾಗಿದ್ದಾರೆ. ಅಲ್ಲಿ ನಮ್ಮ ಬಾಣಂತಿ ಹೇಗಿದ್ದಾಳೆ?”

“ಅಕ್ಕಾ… ಬಟ್ಟಲು ಎತ್ತಿಬಿಟ್ಟೆ. ಉಳಿದದ್ದು ಕೊಳೆಯುತ್ತೆ ಅಂತ.”

ಫೋನಿನಲ್ಲಿ ಎಳೆಗೂಸು ಅಳುವುದು ಕೇಳುತ್ತಿತ್ತು.

“ಮರಿಗಳು?”

“ಉಸಿರಾಡ್ತಿವೆ.”

“ಅಂಗಿಯೊಳಗೆ ಹಾಕ್ಕೋ, ಮೈಬಿಸಿ ತಾಗಲಿ. ಡಬ್ಬೀಲಿರೋ ಹಾಲುಪುಡಿ ಕಲಸಿ ಕುಂಚದ ತುದೀಲಿ ಕುಡಿಸು. ಕುಡಿಸ್ತಾನೇ ಇರು. ನಾನು ಬರೋವರೆಗೂ ಅಲ್ಲಿಂದ ಏಳಕೂಡದು. ನಿನ್ನ ಬೈಯೋದು ಆಮೇಲೆ.”

ಐದನ್ನೂ ಎದೆಗೆ ಹಾಕಿಕೊಂಡ. ಅವುಗಳ ಗುಂಡಿಗೆ ಬಡಿತ ಬಡಿತದಂತಿರಲಿಲ್ಲ. ದುಂಬಿಯೊಂದು ಅಂಗಿಯೊಳಗೆ ಸಿಕ್ಕಿಕೊಂಡು ಗುಂಯ್ಗುಟ್ಟಿದಂತಿತ್ತು. ನಾಲ್ಕು ಮರಿಗಳು ಕುಂಚವನ್ನು ನೆಕ್ಕಿದವು. ಐದನೆಯದು ಬಾಯಿ ತೆರೆಯಲೇ ಇಲ್ಲ. ಅದನ್ನೂ ಕೆಳಗಿಡಲು ಮನಸ್ಸು ಬಾರದೆ ಜೊತೆಗೇ ಇಟ್ಟುಕೊಂಡ.

ಕಾವಲುಗಾರ ಕಿಟಕಿಯಲ್ಲಿ ಇಣುಕಿದ. “ಏನಣ್ಣಾ, ನಿಮ್ಮ ಆಮೆಮ್ಮ ಬಾಗಿಲಲ್ಲಿ ಬಂದು ನಿಂತವಳೆ. ಸೊಪ್ಪು ಹಾಕಲ್ವಾ?”

“ನಾಳೆ ಹಾಕ್ತೀನಿ. ಅವಳು ಕಾಯ್ತಾಳೆ,” ಎಂದವನು ತಲೆಯೆತ್ತದೆ ಕುಂಚವನ್ನು ಮತ್ತೆ ಹಾಲಿಗದ್ದಿದ.