ತಕ್ಷಣದ ಕಾರಣ

ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಒಲೆ ಆರಿಸಿದೆಯಾ ಎಂದು ಅಮ್ಮ ಅಪ್ಪಿತಪ್ಪಿ ಕೇಳಿದರೆ, "ಆರಿಸಿದ ನೆನಪಿದೆ, ಆದ್ರೆ ನೆನಪನ್ನ ಪೂರ್ತಿ ನಂಬೋಕಾಗಲ್ಲ" ಎನ್ನುತ್ತಿದ್ದೆ. ಅಮ್ಮ ಹಣೆ ಹಣೆ ಚಚ್ಚಿಕೊಂಡು ತಾನೇ ಅಡುಗೆಮನೆಗೆ ಹೋಗಿ ನೋಡುತ್ತಿದ್ದಳು. ತಮ್ಮನಂತೂ ನನಗೆ 'ಬಹುಶಃ' ಎಂದೇ ಹೆಸರಿಟ್ಟಿದ್ದ. "ಬಹುಶಃ ಬಂದ್ಳು, ಊಟ ಬಡಿಸಮ್ಮ" ಎನ್ನುತ್ತಿದ್ದ.

ತಪ್ಪು ನನ್ನದಲ್ಲ, ವಿಶ್ವವಿದ್ಯಾಲಯದ್ದು. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಬೇಡಿ ಎಂದು ಇತಿಹಾಸದ ಪ್ರೊಫೆಸರು ನಮ್ಮ ತಲೆಗೆ ತುಂಬಿದ್ದರು. ಒಂದು ಯುದ್ಧ ಯಾಕೆ ಶುರುವಾಯಿತು ಎಂಬ ಪ್ರಶ್ನೆಗೆ ನಾನು ಪುಟಗಟ್ಟಲೆ ಬರೆದು, ಕೊನೆಗೆ 'ಹೇಳುವುದು ಕಷ್ಟ' ಎಂದು ಮುಗಿಸಿದ್ದೆ. ಅದಕ್ಕೆ ಚಿನ್ನದ ಪದಕ ಬೇರೆ ಕೊಟ್ಟರು.

ಆಮೇಲೆ ಸಮಾಜ ವಿಜ್ಞಾನದ ಟೀಚರಾಗಲು ತರಬೇತಿಗೆ ಸೇರಿದೆ. ಅಲ್ಲಿ ಅದೇ ಯುದ್ಧಕ್ಕೆ ಒಂದು ಅಂಕ, ಒಂದು ವಾಕ್ಯ. ಶಾಲೆಗಳಲ್ಲಿ ನಾವು ಮಾಡುವ ಪಾಠ ನೋಡಿ ಅಂಕ ಹಾಕುತ್ತಿದ್ದ ಮೇಷ್ಟ್ರಿಗೆ ನಾವೆಲ್ಲ ಇಟ್ಟಿದ್ದ ಅಡ್ಡಹೆಸರು ಖಚಿತ ಸರ್. ಮೊದಲ ಪಾಠಕ್ಕೇ ಅವರು ನನ್ನನ್ನು ಫೇಲು ಮಾಡಿದರು.

"ಏನಮ್ಮಾ, ಬಾಯಿ ತೆಗೆದ್ರೆ ಇರಬಹುದು, ಇರಬಹುದು! ಮಕ್ಕಳು ಪರೀಕ್ಷೇಲಿ ಏನು ಬರೀಬೇಕು? ಇನ್ನೊಂದು ಅವಕಾಶ ಕೊಡ್ತೀನಿ. ಆಗ್ಲೂ ಇದೇ ರಾಗ ಎಳೆದ್ರೆ ಮುಂದಿನ ವರ್ಷ ಮತ್ತೆ ಬಾ."

ಮುಂದಿನ ವರ್ಷ! ಮಕ್ಕಳ ಮುಂದೆ ನಿಂತಾಗ ಆಗುವಷ್ಟು ಖುಷಿ ನನಗೆ ಬೇರೆಲ್ಲೂ ಆಗಿದ್ದಿಲ್ಲ. ಆಗ ನಾನು ಖಚಿತವಾಗಿ ಹೇಳಬಲ್ಲ ಸಂಗತಿ ಇದೊಂದೇ ಆಗಿತ್ತು.

ಎರಡನೇ ಪಾಠ ಎಂಟನೇ ತರಗತಿಗೆ. ಕರಿಹಲಗೆ ಮರದ ಸ್ಟ್ಯಾಂಡಿನ ಮೇಲಿತ್ತು. ಸ್ಟ್ಯಾಂಡಿನ ಮುರುಕಲು ಕಾಲಿಗೆ ಯಾವ ಕಾಲದಲ್ಲೋ ಹಗ್ಗ ಸುತ್ತಿದ್ದರು. ಆ ಸ್ಟ್ಯಾಂಡಿಗೇ ಭೂಪಟ ನೇತುಹಾಕಿದೆ. ಖಚಿತ ಸರ್ ಬಂದವರೇ ಮೇಜಿನ ಧೂಳು ನೋಡಿ ಮುಖ ಸಿಂಡರಿಸಿ, ನಮ್ಮೆಲ್ಲರ ಪಾಠಯೋಜನೆಗಳನ್ನು ತುರುಕಿದ್ದ ಚೀಲವನ್ನು ಸ್ಟ್ಯಾಂಡಿನ ಗೂಟಕ್ಕೆ ಸಿಗಿಸಿ, ಹಿಂದಿನ ಬೆಂಚಿನಲ್ಲಿ ಕೂತರು.

ಪಾಠ ಚೆನ್ನಾಗಿಯೇ ಸಾಗಿತ್ತು. ಬಾಯಿಗೆ ಬಂದ 'ಇರಬಹುದು'ಗಳನ್ನೆಲ್ಲ ನುಂಗಿಕೊಳ್ಳುತ್ತಿದ್ದೆ.

"ಯುದ್ಧಕ್ಕೆ ಎರಡು ಥರದ ಕಾರಣ ಇರುತ್ತೆ. ಬಹಳ ದಿನದಿಂದ ಒಳಗೊಳಗೇ ಬೆಳೀತಾ ಬಂದಿರೋದು ಒಂದು. ಆ ಗಳಿಗೇಲಿ ಕಡ್ಡಿ ಗೀರಿದ ಹಾಗೆ ಆಗೋದು ಇನ್ನೊಂದು, ಅದೇ ತಕ್ಷಣದ..."

ಧಡಾರ್! ಹಲಗೆ, ಸ್ಟ್ಯಾಂಡು, ಭೂಪಟ ಎಲ್ಲವೂ ನೆಲಕ್ಕೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ನಾನು ಮಾತ್ರ ಸೀಮೆಸುಣ್ಣದ ಧೂಳಿನಲ್ಲಿ ಅಡಿಯಿಂದ ಮುಡಿವರೆಗೆ ಬೆಳ್ಳಗಾಗಿದ್ದೆ.

ಸದ್ದು ಕೇಳಿ ಹೆಡ್‌ಮಿಸ್ ಓಡಿ ಬಂದರು. "ಏನಾಯ್ತು? ಹೇಗೆ ಬಿತ್ತು?"

ಮಕ್ಕಳು ಎದ್ದು ನಿಂತು ಒಟ್ಟಿಗೇ ಬಾಯಿಬಿಟ್ಟವು. "ಟೀಚರ್ ಮ್ಯಾಪ್ ಎಳೆದ್ರು ಮಿಸ್." "ಹಗ್ಗ ಹೋದ ವರ್ಷಾನೇ ಸಡಿಲ ಆಗಿತ್ತು." "ಗಾಳಿ ಮಿಸ್, ಗಾಳಿ."

ಅದನ್ನು ಕೇಳಿದ್ದೇ ತಡ, ನನಗೆ ಫೇಲಿನ ಭಯವೇ ಮರೆತುಹೋಯಿತು. "ತಡೀರಿ. ಕಣ್ಣಾರೆ ನೋಡಿದವರು ಮಾತ್ರ ಕೈ ಎತ್ತಿ. ಊಹೆ ಮಾಡ್ತಿರೋರು ಕೂತ್ಕೊಳ್ಳಿ."

ಬಹಳ ಮಂದಿ ಕೂತರು. ಗಾಳಿ ಎಂದವನು ಮುಚ್ಚಿದ್ದ ಕಿಟಕಿ ನೋಡಿ ತಾನೂ ಕೂತ. ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು.

"ಹಗ್ಗ ಸಡಿಲ ಇದ್ರೂ ಇಷ್ಟು ದಿನ ಬಿದ್ದಿರ್ಲಿಲ್ಲ ಟೀಚರ್. ಮ್ಯಾಪ್ ದಿನಾ ಹಾಕ್ತಾರೆ. ಇವತ್ತು ಹೊಸದಾಗಿ ಬಂದಿದ್ದು ಆ ಚೀಲ ಒಂದೇ. ಅದರ ಭಾರಕ್ಕೆ ಸ್ಟ್ಯಾಂಡು ವಾಲ್ತಾ ಇದ್ದಿದ್ದನ್ನ ನಾನೇ ನೋಡಿದೆ."

ಎಲ್ಲರ ಕಣ್ಣೂ ಹಲಗೆಯಡಿ ಇಣುಕುತ್ತಿದ್ದ ಚೀಲಕ್ಕೆ ಹೋಯಿತು, ಅಲ್ಲಿಂದ ಹಿಂದಿನ ಬೆಂಚಿಗೆ.

ಖಚಿತ ಸರ್ ಕೆಮ್ಮಿದರು. "ಹಾಗಂತ ಖಂಡಿತವಾಗಿ ಹೇಳೋಕಾಗಲ್ಲ. ಬೇರೆ ಕಾರಣಗಳೂ... ಇರಬಹುದು."

ಇರಬಹುದು! ನನ್ನ ಕಿವಿಯನ್ನು ನಾನೇ ನಂಬದಾದೆ. ಅಷ್ಟರಲ್ಲಿ ಹೆಡ್‌ಮಿಸ್ ನನ್ನ ಕಡೆ ತಿರುಗಿದರು. "ನೀವು ಹೇಳಮ್ಮ, ಯಾವುದು?"

ಹೇಳುವುದು ಕಷ್ಟ ಎಂದುಬಿಟ್ಟಿದ್ದರೆ ಸರ್ ಮಾನ ಉಳಿಯುತ್ತಿತ್ತು, ನನ್ನ ವರ್ಷವೂ ಉಳಿಯುತ್ತಿತ್ತು. ಜನ್ಮದಲ್ಲಿ ಮೊದಲ ಸಲ ನನ್ನ 'ಬಹುಶಃ'ಗೆ ಗಿರಾಕಿ ಸಿಕ್ಕಿದ್ದರು. ಆದರೆ ಎರಡು ಜಡೆಯವಳು ಇನ್ನೂ ಕೂತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

"ಹಗ್ಗ ಹಳೇ ಕಾರಣ ಮೇಡಂ" ಎಂದೆ. "ತಕ್ಷಣದ ಕಾರಣ, ಸರ್ ಚೀಲ."

ಇಡೀ ತರಗತಿ ತಲೆ ಬಗ್ಗಿಸಿ ಅದನ್ನು ಬರೆದುಕೊಂಡಿತು.

ಖಚಿತ ಸರ್ ಚೀಲ ಎಳೆದುಕೊಂಡು ಕೊಡವಿದರು. ನನ್ನ ಪಾಠಯೋಜನೆ ಹುಡುಕಿ, ಏನೋ ಗೀಚಿ, ಮುಖ ನೋಡದೆ ಕೈಗಿಟ್ಟು ಹೊರಟರು. ಅದನ್ನು ತೆರೆಯುವ ಧೈರ್ಯ ಬಂದದ್ದು ಬಸ್ಸಿನಲ್ಲಿ ಕೂತ ಮೇಲೆ. 'ಉತ್ತರದಲ್ಲಿ ಖಚಿತತೆ ಬಂದಿದೆ. ಪಾಸು. ಸ್ಟ್ಯಾಂಡನ್ನು ಮೊದಲೇ ನೋಡಿಕೊಳ್ಳಬೇಕಿತ್ತು.'

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಪಾಸಾದ್ಯೇನೇ?"

"ಆದೆ."

ಅಮ್ಮ ಉಳಿದ ಮಾತಿಗಾಗಿ ಕಾದಳು. ಬರಲಿಲ್ಲ. ಹತ್ತಿರ ಬಂದು ನನ್ನ ಹಣೆ ಮುಟ್ಟಿದಳು.

"ಹುಷಾರಾಗಿದ್ದೀಯ ತಾನೇ?"